ಉಳಿದ ನೀರಿನ ಬಕೆಟ್ಟು

ಲೋಟದಲ್ಲಿ ಉಳಿದ ಒಂದು ಹನಿ ನೀರೂ ಪೋಲಾಗಬಾರದೆಂಬ ಕಾನೂನು ಆ ಮನೆಯಲ್ಲಿ ಜಾರಿಗೆ ಬಂದು ವಾರವಾಗಿತ್ತು. ಕಾನೂನು ಮಾಡಿದವಳು ಒಂಬತ್ತು ವರ್ಷದ ಮಗಳು. ಮಹಡಿ ಮನೆಯವರನ್ನೂ ಅವಳು ಬಿಟ್ಟಿರಲಿಲ್ಲ. ಎರಡೂ ಮನೆಯ ನೀರು ಮೆಟ್ಟಿಲ ಕೆಳಗಿನ ನೀಲಿ ಬಕೆಟ್ಟಿಗೆ, ಅಲ್ಲಿಂದ ಅಂಗಳದ ಕುಂಡಗಳಿಗೆ.

ಅವಳಪ್ಪ ಹಲ್ಲಿನ ಡಾಕ್ಟರೊಬ್ಬರ ಬಳಿ ಹಲ್ಲಿನ ಸೆಟ್ ಮಾಡುವವನು. ಬೀದಿಯವರ ಬಾಯಲ್ಲಿ ಹಲ್ಲಪ್ಪ. ನಿವೃತ್ತ ಹೆಡ್‌ಮಾಸ್ಟರೊಬ್ಬರ ಹೊಸ ಸೆಟ್ಟನ್ನು ಕೊನೆಯ ಸಲ ಉಜ್ಜಿ ನಯ ಮಾಡಲು ಮನೆಗೆ ತಂದವನು, ಒಣಗದಿರಲಿ ಎಂದು ಸ್ಟೀಲ್ ಲೋಟದ ನೀರಿನಲ್ಲಿ ಮುಳುಗಿಸಿಟ್ಟಿದ್ದ. ಸಂಜೆ ನಾಲ್ಕಕ್ಕೆ ಮೇಷ್ಟ್ರು ಶಾಲೆಯಲ್ಲಿ ಭಾಷಣ ಮಾಡಬೇಕು. ವಿಷಯ, ಮನೆಮಂದಿಯೆಲ್ಲ ಸೇರಿ ಪರಿಸರ ಉಳಿಸುವುದು.

"ಭಾಷಣದ ಹೊತ್ತಿಗೆ ಹಲ್ಲು ಅವರ ಬಾಯಲ್ಲಿರಬೇಕು. ಈ ಸಲಾನೂ ಎಡವಟ್ಟಾದ್ರೆ ನಾಳೆಯಿಂದ ನೀನು ಬರೋದೇ ಬೇಡ" ಎಂದಿದ್ದರು ಡಾಕ್ಟರು.

ಮಧ್ಯಾಹ್ನ ಎರಡಕ್ಕೆ ನೋಡಿದರೆ ಲೋಟ ತೊಳೆದು ಬೋರಲು ಹಾಕಿದೆ. ಹಲ್ಲಪ್ಪ ಅಡುಗೆಮನೆಗೆ ನುಗ್ಗಿದ.

"ಲೋಟದಲ್ಲಿ ಇದ್ದದ್ದು ಎಲ್ಲೇ?"

"ಇನ್ನೆಲ್ಲಿ? ಬಕೆಟ್ಟಿಗೆ ಸುರಿದೆ" ಎಂದಳು ಹೆಂಡತಿ.

"ಅದರಲ್ಲಿ ಹಲ್ಲಿತ್ತು ಕಣೇ!"

"ಕುಡಿಯೋ ಲೋಟದಲ್ಲಾ? ರೀ, ಬೆಳಗ್ಗೆ ನಾನು ನೀರು ಕುಡಿದಿದ್ದು ಯಾವ ಲೋಟದಲ್ಲಿ?"

ಹಲ್ಲಪ್ಪ ಅಷ್ಟರಲ್ಲೇ ಹೊರಗೆ ಓಡಿದ. ಬಕೆಟ್ಟು ಖಾಲಿ. ಪಕ್ಕದಲ್ಲಿ ಮಗಳು ಚೊಂಬು ಹಿಡಿದು ನಿಂತಿದ್ದಳು.

"ಯಾವ ಗಿಡಕ್ಕೆ ಹಾಕಿದೆ ಪುಟ್ಟಿ?"

"ಹನ್ನೆರಡಕ್ಕೂ. ನಾನು ಪಕ್ಷಪಾತ ಮಾಡಲ್ಲಪ್ಪ."

ಹಲ್ಲಪ್ಪ ಮಂಡಿಯೂರಿ ಕುಂಡಗಳಿಗೆ ಕೈ ಹಾಕಿದ. ಕಾಂಪೌಂಡಿನಾಚೆಯಿಂದ ಟೈಲರು ಕತ್ತು ಚಾಚಿದ.

"ಏನ್ ಹಲ್ಲಪ್ಪ, ನಿಧಿ ಸಿಕ್ತಾ?"

"ಹಲ್ಲು ಕಳೆದಿದೆ ಮಾರಾಯ."

"ಹಾಗಾದ್ರೆ ಅವಸರ ಯಾಕೆ? ಮೊಳಕೆ ಬರಲಿ ಬಿಡು."

ಮಹಡಿಯಿಂದ ಅಲ್ಲಿನ ಸೊಸೆ ಕೂಗಿದಳು, "ಅಣ್ಣಾ, ಗುಲಾಬಿ ಬೇರಿಗೆ ಕೈ ಹಾಕಬೇಡಿ! ನಮ್ಮತ್ತೆ ನನ್ನ ಸುಮ್ನೆ ಬಿಡಲ್ಲ!"

ಗುಲಾಬಿಯನ್ನೂ ಬಿಡಲಿಲ್ಲ. ಗಡಿಯಾರದ ಮುಳ್ಳು ಬೆನ್ನಿಗೇ ಚುಚ್ಚಿದಂತಾಗುತ್ತಿತ್ತು. ಹನ್ನೊಂದನೆಯ ಕುಂಡದಲ್ಲಿ, ಒಣಗಿದ ಎಲೆಗಳಡಿ, ಕೆಸರು ಮೆತ್ತಿಕೊಂಡ ಸೆಟ್ಟು ಅವನನ್ನು ನೋಡಿ ಹಲ್ಲು ಕಿರಿಯಿತು. ಆಗಲೇ ಮೂರೂಕಾಲು.

"ಅಪ್ಪಾ, ನಲ್ಲಿ ಬಿಡಬೇಡ, ಮಗ್ಗಲ್ಲಿ ತೊಳಿ!"

ಗಡಿಯಾರದ ಮೇಲೇ ಕಣ್ಣಿಟ್ಟು ಮಗ್ಗಿನಲ್ಲೇ ತೊಳೆದ. ಔಷಧಿ ನೀರಿನಲ್ಲಿ ಅದ್ದಿದ. ಸ್ಕೂಟರಿನ ಕೀಲಿಗೆ ತಡಕಾಡಿದರೆ, ವಾರಕ್ಕೊಂದು ದಿನ ಹೊಗೆ ಬಿಡಬಾರದೆಂದು ಮಗಳು ಅದನ್ನು ಬಚ್ಚಿಟ್ಟಿದ್ದಳು. ಬೇಡಿಕೊಳ್ಳಲು ಹೊತ್ತಿರಲಿಲ್ಲ. ಅವಳದೇ ಸೈಕಲ್ ಏರಿದ. ಮೊಣಕಾಲು ಗಲ್ಲಕ್ಕೆ ಬಡಿಯುತ್ತಿತ್ತು, ಜೇಬಿನಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು, ಬಾಯಲ್ಲಿದ್ದ ಸ್ವಂತದವೂ ಹಾಗೇ.

ವೇದಿಕೆಯ ಹಿಂದೆ ಮೇಷ್ಟ್ರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಶತಪಥ ಹಾಕುತ್ತಿದ್ದರು. ಪಕ್ಕದಲ್ಲಿ ಡಾಕ್ಟರು ಕೆಂಡವಾಗಿ ನಿಂತಿದ್ದರು. ಮೇಷ್ಟ್ರು ಸೆಟ್ಟು ಹಾಕಿಕೊಂಡರು. ಒಮ್ಮೆ ಕಚ್ಚಿದರು. ಇನ್ನೊಮ್ಮೆ ಕಚ್ಚಿದರು. ಹಲ್ಲಪ್ಪ ಕಣ್ಣು ಮುಚ್ಚಿದ.

"ಎಲಾ ಇವನ! ಹೊಸ ಹಲ್ಲು ಒತ್ತುತ್ತೆ ಅಂತ ಎಲ್ಲರೂ ಹೆದರಿಸಿದ್ರು. ಇದು ಹತ್ತು ವರ್ಷ ಹಾಕ್ಕೊಂಡಷ್ಟು ಹಿತವಾಗಿದೆಯಲ್ಲಯ್ಯ!"

ಡಾಕ್ಟರು ಮೊದಲ ಸಲ ಅವನ ಬೆನ್ನು ತಟ್ಟಿದರು. ಸೈಕಲ್ ತಳ್ಳಿಕೊಂಡು ಮನೆಗೆ ಬರುವಾಗ ಹಲ್ಲಪ್ಪ ಸಿಳ್ಳೆ ಹಾಕುತ್ತಿದ್ದ.

ಮೆಟ್ಟಿಲ ಮೇಲೆ ಮಹಡಿ ಮನೆಯ ಅಜ್ಜಿ ಕಾದು ಕೂತಿದ್ದರು. ಕಣ್ಣಿನಲ್ಲಿ ಬೆಂಕಿ. ಬಾಯಿ ಮಾತ್ರ ಕಿವಿಯಿಂದ ಕಿವಿಗೆ ನಗುತ್ತಿತ್ತು.

"ಲೋ ಹಲ್ಲಪ್ಪ, ಹತ್ತು ವರ್ಷದ ಹಿಂದೆ ನೀನೇ ಮಾಡಿಕೊಟ್ಟ ಹಲ್ಲು ಕಣೋ! ಒಂದೇ ದಿನಕ್ಕೆ ಇಷ್ಟು ದೊಡ್ಡದಾಗೋದು ಹೆಂಗೆ?"

"ಏನಾಯ್ತಜ್ಜಿ?"

"ಬೆಳಗ್ಗೆ ಸೊಸೆ ನನ್ನ ಲೋಟಾನೂ ಆ ಬಕೆಟ್ಟಿಗೇ ಸುರಿದ್ಲು. ನಾನೇ ಕೈ ಹಾಕಿ ಹುಡುಕಿ, ತೊಳೆದು ಹಾಕ್ಕೊಂಡೆ. ಆಗಿಂದ ತುಟಿ ಮುಚ್ಚೋಕೇ ಆಗ್ತಿಲ್ಲ!"

ಹಲ್ಲಪ್ಪ ಬಗ್ಗಿ ನೋಡಿದ. ನಯವಾಗಿ ಉಜ್ಜಿದ, ಹೊಚ್ಚಹೊಸ, ಗಂಡಸಿನ ಅಳತೆಯ ಸೆಟ್ಟು.

ಅಷ್ಟರಲ್ಲಿ ಫೋನು. ಡಾಕ್ಟರು ಕೇಕೆ ಹಾಕುತ್ತಿದ್ದರು. "ಭೇಷ್ ಕಣಯ್ಯ! ಇನ್ನು ಜೀವ ಇರೋವರೆಗೂ ಈ ಸೆಟ್ಟು ಯಾರಿಗೂ ಕೊಡಲ್ಲ ಅಂತ ಮೇಷ್ಟ್ರು ಮೈಕಲ್ಲೇ ಹೇಳಿಬಿಟ್ರು!"

ಹಲ್ಲಪ್ಪ ಫೋನನ್ನು ಕಿವಿಗೆ ಒತ್ತಿಕೊಂಡೇ ಅಜ್ಜಿಯ ಬಾಯಿ ನೋಡಿದ.

"ಏನೋ ಗರ ಬಡಿದೋನ ಹಾಗೆ ನಿಂತೆ?" ಎಂದರು ಅಜ್ಜಿ. "ಇವತ್ತೇ ನನ್ನ ಹಲ್ಲು ಮೊದಲಿನ ಹಾಗೆ ಮಾಡಿಕೊಡು. ಇಲ್ಲಾಂದ್ರೆ ನಾಳೆ ಬೆಳಗ್ಗೆ ನೇರ ನಿನ್ನ ಡಾಕ್ಟರ ಮುಂದೇನೇ ಹೋಗಿ ಬಾಯಿ ಬಿಡ್ತೀನಿ!"