ನೂರು ಮೀಟರಿನೊಳಗಿನ ಹವಳದ ಮೇಲೆ ಎದ್ದ ವಸ್ತುವನ್ನು ಗುರುತಿಸುವ ಬಗ್ಗೆ

ಸಂಖ್ಯೆ: ಹವಳ/ಅನಧಿ/ಬೆಳ/14/1999-2000
ಇಲಾಖೆ: (ಸೀಲು ಸವೆದಿರುವುದರಿಂದ ಓದಲಾಗುತ್ತಿಲ್ಲ)
ಹಳೇಬೀಡು ಶಾಖೆ, ದಿನಾಂಕ: 1-12-1999

ಸುತ್ತೋಲೆ

ವಿಷಯ: ಸ್ಮಾರಕದಿಂದ ನೂರು ಮೀಟರಿನೊಳಗಿನ ಮನೆಯೊಂದರ ಗಾಜಿನ ತೊಟ್ಟಿಯಲ್ಲಿರುವ ಹವಳದ ಮೇಲೆ ಅನುಮತಿಯಿಲ್ಲದೆ ಎದ್ದಿರುವ ವಸ್ತುವನ್ನು ಗುರುತಿಸುವ, ಹಾಗೂ ಗುರುತಿಸುವವರೆಗೆ ಯಾರೂ ಮುಟ್ಟದಿರುವ ಬಗ್ಗೆ.

ಉಲ್ಲೇಖ:
(1) ಶ್ರೀಮತಿ ಲತಾಮಣಿ ಅವರ ಅರ್ಜಿ, ದಿ: 4-8-1999
(2) ಸದರಿ ಅರ್ಜಿಯ ಜ್ಞಾಪನೆ
(3) ಸದರಿ ಜ್ಞಾಪನೆಯ ಜ್ಞಾಪನೆ
(4) ಈ ಕಚೇರಿಯ ಕಿಟಕಿಯಲ್ಲಿರುವ ಉಪ್ಪಿನಕಾಯಿ ಜಾಡಿ

ಪ್ರಸ್ತಾವನೆ:

ಹಳೇಬೀಡಿನ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ಶ್ರೀಮತಿ ಲತಾಮಣಿ ಅವರು ತಮ್ಮ ನಡುಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು, ಮಂಗಳೂರಿನಿಂದ ಬಸ್ಸಿನ ಟಾಪಿನ ಮೇಲೆ ಕ್ಯಾನುಗಳಲ್ಲಿ ಸಮುದ್ರದ ನೀರು ತರಿಸಿ, ಅಂಗೈಯಗಲದ ಜೀವಂತ ಹವಳವೊಂದನ್ನು ಮೂರು ವರ್ಷಗಳಿಂದ ಸಾಕುತ್ತಿರುವುದು ಸರಿಯಷ್ಟೆ. ಕಳೆದ ಆಗಸ್ಟಿನಲ್ಲಿ ಸದರಿ ಹವಳದ ಮೇಲೆ ಕಡಲೆಕಾಳಿನ ಗಾತ್ರದ, ಒಂಟಿ ಕಾಲಿನ, ತಲೆಯ ಸುತ್ತ ಎಳೆಗಳಿರುವ, ಮುಟ್ಟಿದರೆ ಸರಕ್ಕನೆ ಒಳಸರಿಯುವ ಕಂದು ವಸ್ತುವೊಂದು ಕಂಡುಬಂದಿರುತ್ತದೆ. ಅದು ತಾಗಿದ ಕಡೆಯೆಲ್ಲ ಹವಳ ಬೆಳ್ಳಗಾಗುತ್ತಿತ್ತು. ಸ್ಮಾರಕದಿಂದ ನೂರು ಮೀಟರಿನೊಳಗೆ ಏನನ್ನೂ ಕಟ್ಟಕೂಡದೆಂಬ ನಿಯಮದಡಿ, ಹಿಂದೊಮ್ಮೆ ಹಿತ್ತಲಲ್ಲಿ ಒಗೆಯುವ ಕಲ್ಲು ಹಾಕಿಸಿದ್ದಕ್ಕೆ ಈ ಕಚೇರಿಯಿಂದ ನೋಟೀಸು ಪಡೆದಿದ್ದ ಅರ್ಜಿದಾರರು, ಈ ಸಲ ಮುಂಜಾಗ್ರತೆಯಾಗಿ, ಅದೇನೆಂದು ತಿಳಿಸಬೇಕೆಂದೂ ಕೀಳಲು ಅನುಮತಿ ನೀಡಬೇಕೆಂದೂ ಕೋರಿರುತ್ತಾರೆ. ಕೇಳದೆ ಕಿತ್ತಿದ್ದರೆ ಈ ಸುತ್ತೋಲೆಯ ಅಗತ್ಯ ಬೀಳುತ್ತಿರಲಿಲ್ಲ. ಕೇಳಿರುವುದರಿಂದ ಬಿದ್ದಿರುತ್ತದೆ. ಆದ್ದರಿಂದ ಸಿಬ್ಬಂದಿಗೂ ಸಾರ್ವಜನಿಕರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಹವಳವೆಂಬುದು ಸಣ್ಣ ಪ್ರಾಣಿಗಳು ಸುಣ್ಣದಿಂದ ಕಟ್ಟಿಕೊಳ್ಳುವ ವಸತಿಯೆಂದು ಅರ್ಜಿದಾರರೇ ಲಿಖಿತವಾಗಿ ಒಪ್ಪಿರುತ್ತಾರೆ. ಸುಣ್ಣದಿಂದ ಕಟ್ಟಿದ್ದು ಕಟ್ಟಡ. ಅದರ ಮೇಲೆ ಎದ್ದದ್ದು ಮೇಲಂತಸ್ತು. ಮೇಲಂತಸ್ತಿಗೆ ನಕ್ಷೆ ಸಲ್ಲಿಸಿರುವುದು ಕಂಡುಬರುವುದಿಲ್ಲ.

2. ಟೇಪು ಹಿಡಿದು ಅಳೆಯಲಾಗಿ, ತೊಟ್ಟಿಯ ಪೂರ್ವದ ತುದಿ ದೇವಸ್ಥಾನದ ಕಾಂಪೌಂಡಿನಿಂದ 99.7 ಮೀಟರಿನಲ್ಲೂ, ಪಶ್ಚಿಮದ ತುದಿ 100.4 ಮೀಟರಿನಲ್ಲೂ ಇರುತ್ತದೆ. ಹವಳ ಪೂರ್ವದ ಕಡೆಗಿದೆ. ಅದನ್ನು ಒಂದು ಗೇಣು ಆಚೆ ಸರಿಸಿದರೆ ಪ್ರಕರಣವೇ ಇರುವುದಿಲ್ಲವೆಂಬ ಅರ್ಜಿದಾರರ ಸಲಹೆಯನ್ನು ಪರಿಶೀಲಿಸಿ, ಪ್ರಕರಣವೇ ಇರುವುದಿಲ್ಲವೆಂಬ ಕಾರಣಕ್ಕೆ ತಿರಸ್ಕರಿಸಲಾಗಿದೆ. ತೊಟ್ಟಿಯಲ್ಲಿರುವ ಪಟ್ಟೆ ಮೀನು ದಿನಕ್ಕೆ ನೂರಾರು ಸಲ ಗಡಿ ದಾಟುತ್ತಿದ್ದು, ಅದಕ್ಕೆ ಪ್ರತ್ಯೇಕವಾಗಿ ತಿಳಿವಳಿಕೆ ನೀಡಲಾಗುವುದು.

3. ಗುರುತಿಸುವ ಕೆಲಸವನ್ನು ಕಲ್ಲಿನ ಮೇಲಿರುವುದನ್ನು ಗುರುತಿಸಲು ಪರವಾನಗಿ ಇರುವವರೇ ಮಾಡತಕ್ಕದ್ದು. ಅದರಂತೆ ದೇವಸ್ಥಾನದ ಗೈಡ್ ಶ್ರೀ ಹುಚ್ಚಣ್ಣ ಅವರನ್ನು ಕರೆಸಲಾಗಿ, ಅವರು ತೊಟ್ಟಿಗೆ ಟಾರ್ಚು ಬಿಟ್ಟು ನೀಡಿದ ಹೇಳಿಕೆ ಹೀಗಿದೆ: “ಇಲ್ನೋಡಿ ಸಾರ್, ಕೆಳಗೆ ಕಾಂಡ, ಮೇಲೆ ದಳ. ಬಳ್ಳಿ ಸಾಲಿಂದು ಇದು. ಟಾರ್ಚು ಈ ಕಡೆಯಿಂದ ಬಿಟ್ರೆ ನಗುತ್ತೆ, ಆ ಕಡೆಯಿಂದ ಬಿಟ್ರೆ ಅಳುತ್ತೆ.” ಎರಡೂ ಕಡೆಯಿಂದ ಬಿಡಲಾಗಿ, ಅದು ಒಳಕ್ಕೆ ಹೋಯಿತು. ನಿಗದಿತ ನಮೂನೆಯಲ್ಲಿ ದೇವಸ್ಥಾನದ ಗೋಡೆಯ ಸಾಲುಗಳಂತೆ ಆನೆ, ಸಿಂಹ, ಬಳ್ಳಿ, ಕುದುರೆ ಎಂಬ ನಾಲ್ಕೇ ಕಲಂಗಳಿದ್ದು, ‘ಒಳಕ್ಕೆ ಹೋಗುವಂಥದ್ದು’ ಎಂಬ ಕಲಂ ಇರುವುದಿಲ್ಲ. ಇನ್ನು ಮುಂದೆ ಹವಳದ ಮೇಲೆ ಏನೇ ಬೆಳೆಯುವುದಿದ್ದರೂ ಈ ನಾಲ್ಕರಲ್ಲಿ ಒಂದರ ರೂಪದಲ್ಲೇ ಬೆಳೆಯತಕ್ಕದ್ದು.

4. ಗುರುತು ಬಾಕಿ ಇರಿಸಿ, ಅಕ್ಟೋಬರ್ 12ರಂದು ಮಹಜರಿನ ಸಮೇತ ತೆರವು ಕಾರ್ಯಾಚರಣೆ ಕೈಗೊಳ್ಳಲಾಯಿತು. ಕಚೇರಿಯ ಜವಾನ ಶ್ರೀ ದ್ಯಾವಯ್ಯ ಅವರು ಕ್ಷೌರದ ಬ್ಲೇಡಿನಿಂದ ಸದರಿ ವಸ್ತುವನ್ನು ಚೂರು ಚೂರಾಗಿ ಕೆರೆದು, ಒಂದು ಚೂರನ್ನು ಸಾಕ್ಷ್ಯಕ್ಕಾಗಿ ತೊಟ್ಟಿಯ ನೀರಿನೊಂದಿಗೆ ಉಪ್ಪಿನಕಾಯಿ ಜಾಡಿಯಲ್ಲಿ ಕಚೇರಿಗೆ ತಂದಿರುತ್ತಾರೆ. ತೆರವು ಸಂಪೂರ್ಣ ಯಶಸ್ವಿಯಾಗಿರುತ್ತದೆ. ಹದಿನೈದು ದಿನಗಳ ತರುವಾಯ ಹವಳದ ಮೇಲೆ, ಉಳಿದ ಪ್ರತಿ ಚೂರಿಗೂ ಒಂದರಂತೆ, ಹದಿನಾಲ್ಕು ವಸ್ತುಗಳು ಕಂಡುಬಂದಿರುವುದಕ್ಕೂ ಯಶಸ್ಸಿಗೂ ಸಂಬಂಧವಿರುವುದಿಲ್ಲ. ಹದಿನಾಲ್ಕು ಕಡತಗಳನ್ನು ತೆರೆಯಲಾಗಿದೆ.

5. ಹದಿನಾಲ್ಕು ನೋಟೀಸುಗಳನ್ನು ತೊಟ್ಟಿಯ ಗಾಜಿಗೆ, ಸಂಬಂಧಪಟ್ಟವರು ಓದಿಕೊಳ್ಳಲು ಅನುಕೂಲವಾಗುವಂತೆ ಅಕ್ಷರ ಒಳಮುಖವಾಗಿ, ಅಂಟಿಸಲಾಯಿತು. ಇದರಿಂದ ತೊಟ್ಟಿಗೆ ಬೆಳಕು ಬೀಳದೆ ಹವಳ ಮುದುಡಿ ಹೋಯಿತೆಂದು ಅರ್ಜಿದಾರರು ಕಚೇರಿಗೆ ಬಂದು ಹೇಳಿರುತ್ತಾರೆ: “ಮೂರು ವರ್ಷ ಮಗು ಥರ ಸಾಕಿದೀನಿ ಸಾರ್. ಕಾಲು ಭಾಗಾನೂ ಉಳಿದಿಲ್ಲ. ಅದೇನು ಅಂತಾದ್ರೂ ಹೇಳಿ, ಇಲ್ಲ ನನ್ನ ಪಾಡಿಗೆ ಬಿಡಿ.” ಹೇಳುವಾಗ ಅತ್ತಿರುತ್ತಾರೆ. ಅತ್ತದ್ದನ್ನು ಟಪ್ಪಾಲಿನಲ್ಲಿ ಸ್ವೀಕರಿಸುವ ವ್ಯವಸ್ಥೆ ಇಲ್ಲವಾದ್ದರಿಂದ, ಅಧೀಕ್ಷಕರು ಖುದ್ದು ಹೋಗಿ ನೋಟೀಸುಗಳನ್ನು ಕಿತ್ತಿರುತ್ತಾರೆ. ಇದನ್ನು ಪೂರ್ವನಿದರ್ಶನವಾಗಿ ಯಾರೂ ಪರಿಗಣಿಸತಕ್ಕದ್ದಲ್ಲ.

6. ನವೆಂಬರ್ 15ರ ಮಹಜರಿಗೆ ಪಂಚರು ಸಿಗದೆ, ಕಚೇರಿಯ ಕಸ ಗುಡಿಸುವ ಶ್ರೀಮತಿ ಬೋರಮ್ಮ ಅವರನ್ನು ಕರೆದೊಯ್ಯಲಾಗಿತ್ತು. ಕರೆಂಟು ಹೋಗಿ ತೊಟ್ಟಿಯ ಪಂಪು ನಿಂತು ಎಲ್ಲರೂ ಕಾಯುತ್ತಿದ್ದಾಗ, ಸದರಿಯವರು ತಮ್ಮ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಪೊರಕೆಯ ಕಡ್ಡಿಯ ತುದಿಯಿಂದ ಹದಿನಾಲ್ಕೂ ವಸ್ತುಗಳ ಬಾಯಿಗೆ ಒಂದೊಂದು ಚಿಟಿಕೆ ಸುಣ್ಣ ಇಟ್ಟಿರುತ್ತಾರೆ. ಅವರ ಹೇಳಿಕೆ: “ಇದು ಬದನಿಕೆ ಕಣ್ ಸಾ. ನಮ್ ಮಾವಿನ್ ಮರಕ್ಕೂ ಹತ್ಕಂಡೈತೆ. ಇನ್ನೊಬ್ರ ಮೇಲೆ ಕುಂತ್ಕಂಡು ಉಣ್ಣೋದು. ಕುಯ್ದ್ರೆ ಹೆಚ್ತದೆ. ನನ್ ಬಾಯೇ ಸುಡೋ ಸುಣ್ಣ, ಅದ್ರ ಬಾಯ ಸುಡಾಕಿಲ್ವಾ?” ವಸ್ತುಗಳು ಒಳಕ್ಕೆ ಹೋದವು. ಮತ್ತೆ ಹೊರಗೆ ಬರಲಿಲ್ಲ.

7. ಬೋರಮ್ಮ ಅವರಿಗೆ ಗುರುತಿಸುವ ಪರವಾನಗಿ ಇಲ್ಲದಿರುವುದರಿಂದ ‘ಬದನಿಕೆ’ ಎಂಬ ಗುರುತನ್ನು ದಾಖಲಿಸಲು ಬರುವುದಿಲ್ಲ. ಮೇಲಾಗಿ, ನಿಷೇಧಿತ ವಲಯದಲ್ಲಿ ಸುಣ್ಣ ಬಳಿಯುವುದು ದುರಸ್ತಿ ಕಾಮಗಾರಿಯಾಗಿರುವುದರಿಂದ ಸುಣ್ಣದ ಡಬ್ಬಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗಿದೆ. ಅಂದಿನಿಂದ ಸದರಿಯವರು ಬರೀ ಎಲೆ ಅಗಿಯುತ್ತಿದ್ದು, ಕಚೇರಿಯವರೊಂದಿಗೆ ಮಾತು ಬಿಟ್ಟಿರುತ್ತಾರೆ.

8. ನವೆಂಬರ್ 22ರಂದು ಹವಳ ಪುನಃ ಅರಳಿರುವುದನ್ನು ಪರಿಶೀಲಿಸಲಾಗಿದೆ. ಆ ವೇಳೆ ದ್ಯಾವಯ್ಯ ಅವರು “ಅಯ್ಯೋ, ಬದುಕ್ಬುಡ್ತು!” ಎಂದು ಕೂಗಿಕೊಂಡಿರುತ್ತಾರೆ. ಕಚೇರಿ ವೇಳೆಯಲ್ಲಿ ಸಂತೋಷಪಡುವುದನ್ನು ನಿಷೇಧಿಸಲಾಗಿದೆ. ಅಂದು ಸಂತೋಷಪಟ್ಟವರು (ಅಧೀಕ್ಷಕರೂ ಸೇರಿ) ಅರ್ಧ ದಿನದ ರಜೆ ಹಾಕತಕ್ಕದ್ದು.

9. ಆದರೆ ಗುರುತಿಸುವ ಮೊದಲೇ ವಸ್ತುಗಳು ಸತ್ತಿರುವುದರಿಂದ ಹದಿನಾಲ್ಕೂ ಕಡತಗಳು ಮುಕ್ತಾಯವಾಗದೆ ಉಳಿದಿವೆ. ಈ ಬಗ್ಗೆ ಮೇಲಿನ ಕಚೇರಿಯಿಂದ ಬಂದಿರುವ ಸ್ಪಷ್ಟ ಆದೇಶದಂತೆ, ಜಾಡಿಯಲ್ಲಿರುವ ಸಾಕ್ಷ್ಯದಿಂದ ಒಂದನ್ನು ತೆಗೆದು, ಡಿಸೆಂಬರ್ 9ರ ಬೆಳಿಗ್ಗೆ 11 ಗಂಟೆಗೆ ಅದೇ ಹವಳದ ಮೇಲೆ ಮರುಸ್ಥಾಪಿಸಿ, ಗುರುತು ಮುಗಿಯುವವರೆಗೆ ಬೆಳೆಯಲು ಬಿಡತಕ್ಕದ್ದು. ಜಾಡಿಯಲ್ಲಿ ಒಂದಿದ್ದ ಸಾಕ್ಷ್ಯ ಈಗ ಅರವತ್ತೊಂದಾಗಿದ್ದು, ಕೊರತೆ ಬೀಳುವ ಸಂಭವವಿಲ್ಲ. ಈ ಆದೇಶಕ್ಕೆ ತಡೆ ತರಲು ಅಧೀಕ್ಷಕರಿಗೆ ಅಧಿಕಾರವಿರುವುದಿಲ್ಲ. ಇದ್ದಿದ್ದರೆ ತರುತ್ತಿದ್ದರು.

10. ಸಾಕ್ಷ್ಯವೇನಾದರೂ 9ನೇ ತಾರೀಕಿನೊಳಗೆ ತಾನಾಗಿ ಇಲ್ಲವಾದಲ್ಲಿ, ಮರುಸ್ಥಾಪಿಸಲು ಏನೂ ಇರುವುದಿಲ್ಲವೆಂಬ ಷರಾ ಬರೆದು ಎಲ್ಲ ಕಡತಗಳನ್ನೂ ಮುಕ್ತಾಯಗೊಳಿಸತಕ್ಕದ್ದು. ಷರಾವನ್ನು ಈಗಾಗಲೇ ಬೆರಳಚ್ಚು ಮಾಡಿಡಲಾಗಿದೆ.

(ಸಹಿ)
ಅನಂತಸ್ವಾಮಿ
ಅಧೀಕ್ಷಕರು

ಪ್ರತಿಗಳು:

ಶ್ರೀಮತಿ ಲತಾಮಣಿ ಅವರಿಗೆ, 9ರಂದು ಮನೆಯಲ್ಲಿದ್ದು ಸಹಕರಿಸಲು. ಅಲ್ಲಿಯವರೆಗೆ ಹವಳದ ಚಿಂತೆಯಲ್ಲಿ ಊಟ ಬಿಡುವ ಅಗತ್ಯವಿರುವುದಿಲ್ಲ.

ಗೈಡ್ ಶ್ರೀ ಹುಚ್ಚಣ್ಣ ಅವರಿಗೆ, ಟಾರ್ಚಿಗೆ ಸೆಲ್ಲು ಹಾಕಿಸಿಕೊಳ್ಳಲು.

ಪಟ್ಟೆ ಮೀನಿಗೆ, ಕಂಡಿಕೆ 2ರ ಮಾಹಿತಿಗಾಗಿ.

ಶ್ರೀ ದ್ಯಾವಯ್ಯ ಅವರಿಗೆ, ಬ್ಲೇಡನ್ನು ಹಿಂದಿರುಗಿಸಲು, ಹಾಗೂ ಕೆಳಗಿನ ಪ್ರತಿಯನ್ನು ಓದಿ ಹೇಳಲು.

ಶ್ರೀಮತಿ ಬೋರಮ್ಮ ಅವರಿಗೆ, 8ನೇ ತಾರೀಕು ಮಧ್ಯಾಹ್ನ ಜಾಡಿ ಇರುವ ಕೊಠಡಿ ಗುಡಿಸಲು. ಆ ಹೊತ್ತು ಅಧೀಕ್ಷಕರು ಬಿಕ್ಕೋಡಿಗೆ ಪ್ರವಾಸ ಹೋಗಿರುತ್ತಾರೆ. ಜಾಡಿಯ ಮುಚ್ಚಳ ತೆಗೆದಿರುತ್ತದೆ. ತಮ್ಮ ಸುಣ್ಣದ ಡಬ್ಬಿ ಅದರ ಪಕ್ಕದಲ್ಲೇ ಇರುತ್ತದೆ.