ಚಿತ್ರೋತ್ಸವದ ಗಿಡಕ್ಕೆ ನೀರೆರೆದದ್ದು

ಕಾಡಿನಲ್ಲಿ ಆನೆ ಎದುರಾದರೆ ಓಡಿಯಾದರೂ ಬದುಕಬಹುದು. ಸ್ವಾಗತ ಭಾಷಣದಲ್ಲಿ ಹೆಸರು ಬಿಟ್ಟುಹೋದ ಗಣ್ಯರು ಎದುರಾದರೆ ಓಡುವುದಕ್ಕೂ ದಾರಿಯಿಲ್ಲ. ಅದರಲ್ಲೂ ನಮ್ಮ ನಂಜನಗೂಡಿನಂಥ ಊರಿನಲ್ಲಿ ಅವರು ಬೆಳಿಗ್ಗೆ ಹಾಲಿನ ಬೂತಿನಲ್ಲಿ ನಮ್ಮ ಮುಂದೆ ನಿಂತಿರುತ್ತಾರೆ, ಸಂಜೆ ಮದುವೆ ಊಟದಲ್ಲಿ ಪಕ್ಕದ ಎಲೆಗೇ ಕೂರುತ್ತಾರೆ. 'ಏನ್ ಮೇಷ್ಟ್ರೇ, ದೊಡ್ಡೋರ ಹೆಸರೆಲ್ಲ ಹೇಳಿದ್ರಿ, ನಾವೆಲ್ಲ ನಿಮ್ಮ ಕಣ್ಣಿಗೆ ಕಾಣಿಸ್ತೀವಾ' ಎಂದು ಕೋಸಂಬರಿ ಬಡಿಸುವ ಹೊತ್ತಿಗೇ ಶುರುಮಾಡುತ್ತಾರೆ. ಆಮೇಲೆ ಒಬ್ಬಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನಾದರೂ ಊರಿಗೆ ಗೊತ್ತಿರುವುದು ಕಾರ್ಯಕ್ರಮ ನಿರೂಪಕನಾಗಿ. ಅರ್ಥಶಾಸ್ತ್ರ ಯಾರಿಗೂ ಬೇಕಿಲ್ಲ; ಮೈಕು ಹಿಡಿದು ಯಾರ ಹೆಸರನ್ನೂ ಬಿಡದೆ, ಯಾರ ಹೆಸರನ್ನೂ ಹಿಂದುಮುಂದು ಮಾಡದೆ ವೇದಿಕೆಗೆ ಕರೆಯುವವನು ಎಲ್ಲರಿಗೂ ಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿ ಇಲ್ಲವೆಂದು ನಾನು ನಂಬಿದ್ದೆ. ಆ ನಂಬಿಕೆ ಮುಳುಗಿದ್ದು ಒಂದು ಚೊಂಬು ನೀರಿನಲ್ಲಿ.

ನಮ್ಮೂರಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರದ್ದೊಂದು ಬಳಗವಿದೆ. ನಡೆಯುವುದಕ್ಕಿಂತ ನಡೆದು ಬಂದ ಮೇಲೆ ಇಡ್ಲಿ ತಿನ್ನುವುದರಲ್ಲಿ ಹೆಚ್ಚು ಶ್ರದ್ಧೆಯಿರುವ ಬಳಗ. ಅದರ ಅಧ್ಯಕ್ಷರು ಬಟ್ಟೆ ಅಂಗಡಿಯ ಶಿವಮಲ್ಲಪ್ಪನವರು. ಅವರು ಒಮ್ಮೆ ಮಗಳ ಜೊತೆ ಹಿಮಾಲಯದ ಕಡೆ ಚಾರಣಕ್ಕೆ ಹೋಗಿ, ಅರ್ಧ ದಾರಿಯಲ್ಲಿ ಟೀ ಅಂಗಡಿಯಲ್ಲಿ ಉಳಿದುಕೊಂಡು, ಇಳಿದು ಬಂದವರ ಜೊತೆ ಇಳಿದು ಬಂದಿದ್ದರು. ಅಂದಿನಿಂದ ಅವರಿಗೆ ಸಾಹಸದ ಹುಚ್ಚು. 'ನಮ್ಮೂರಲ್ಲೂ ಸಾಹಸ ಮತ್ತು ಪರಿಸರದ ಸಾಕ್ಷ್ಯಚಿತ್ರೋತ್ಸವ ಮಾಡೋಣ ಕಣ್ರೀ. ಬೆಟ್ಟ ಹತ್ತೋದು, ಕಾಡು ಸುತ್ತೋದು, ನದಿ ಉಳಿಸೋದು, ಎಲ್ಲಾ ಇರ್ಲಿ' ಅಂದರು. ಇಡ್ಲಿಯ ಎದುರು ಯಾರೂ ಇಲ್ಲವೆನ್ನಲಿಲ್ಲ. ಒಂದು ಭಾನುವಾರ ಕಲ್ಯಾಣ ಮಂಟಪ ಗೊತ್ತುಮಾಡಿದೆವು. ಅದೇ ಸಂಜೆ ಅಲ್ಲಿ ಆರತಕ್ಷತೆಯೊಂದಿತ್ತಾದ್ದರಿಂದ ಆರು ಗಂಟೆಗೆ ಜಾಗ ಬಿಟ್ಟುಕೊಡಬೇಕೆಂಬುದು ಕರಾರು.

ಈ ಉತ್ಸವಕ್ಕೆ ಚಿತ್ರ ಮಾಡಿದವರಲ್ಲಿ ನನ್ನ ಹೆಂಡತಿ ಗಿರಿಜೆಯೂ ಒಬ್ಬಳು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ವಾಕಿಂಗಿನ ಮೂವರು ಗೆಳತಿಯರನ್ನು ಕಟ್ಟಿಕೊಂಡು ಸುತ್ತೂರಿನಿಂದ ಟಿ. ನರಸೀಪುರದ ಸಂಗಮದವರೆಗೆ ಕಪಿಲೆಯಲ್ಲಿ ತೆಪ್ಪದಲ್ಲಿ ಹೋಗುವುದು, ದಾರಿಯುದ್ದಕ್ಕೂ ಕಂಡ ಹಕ್ಕಿ, ಪ್ರಾಣಿ, ಹರಕೆಯ ಸ್ನಾನ ಮಾಡಿ ಜನ ಹೊಳೆಯಲ್ಲಿ ಬಿಟ್ಟ ಹಳೇಬಟ್ಟೆ, ಪೂಜೆಯ ಪ್ಲಾಸ್ಟಿಕ್ಕು ಎಲ್ಲವನ್ನೂ ಚಿತ್ರೀಕರಿಸುವುದು ಅವಳ ಯೋಜನೆ. ನನ್ನನ್ನೂ ಕರೆದಳು. ನನಗೂ ನೀರಿಗೂ ಬಕೆಟ್ಟಿನಾಚೆ ಸ್ನೇಹವಿಲ್ಲ. ತೆಪ್ಪದವನು, 'ಬನ್ನಿ ಸಾ, ಏನೂ ಆಗಕಿಲ್ಲ, ಅಸು ಕರಾನೇ ಕೂರಿಸ್ಕಂಡು ಓಗಿವ್ನಿ' ಎಂದು ಧೈರ್ಯ ಹೇಳಿದ. ಹಸುವಿಗೆ ಇರುವ ಧೈರ್ಯ ನನಗಿಲ್ಲವೆಂದು ಒಪ್ಪಿಕೊಂಡು, 'ನಾನು ಸ್ಕೂಟರಿನಲ್ಲಿ ದಡದ ಮೇಲೆ ಬರ್ತೀನಿ, ಏನಾದ್ರೂ ಬೇಕಾದ್ರೆ ಇರ್ತೀನಿ' ಅಂದೆ. ಅವರಿಗೆ ನನ್ನಿಂದ ಬೇಕಾದದ್ದು ಒಂದೇ, ತಮ್ಮ ಚಪ್ಪಲಿ ಕಾಯುವುದು. ದಾರಿ ಹೊಳೆಗೆ ಹತ್ತಿರವಾದಲ್ಲೆಲ್ಲ ಇಳಿದುಹೋಗಿ ಕೈಬೀಸಿ ಮತ್ತೆ ಸ್ಕೂಟರು ಹತ್ತಿದೆ. ಚಿತ್ರ ಸಿದ್ಧವಾದ ಮೇಲೆ ತೋರಿಸು ಅಂದರೆ, 'ಎಲ್ಲರ ಜೊತೆ ದೊಡ್ಡ ಪರದೆ ಮೇಲೆ ನೋಡೋರಂತೆ' ಎಂದಳು. ಬೇಸಿಗೆ ರಜೆಯನ್ನೆಲ್ಲ ಅದಕ್ಕೇ ಸುರಿದಿದ್ದಳು. ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದು ಹಕ್ಕಿಯ ಕೂಗನ್ನೂ ಜೋಡಿಸುತ್ತಿದ್ದರೆ, ಒಲೆಯ ಮೇಲೆ ಸಾರು ಎಷ್ಟೋ ಸಲ ತಳ ಹಿಡಿದಿತ್ತು. ಅವಳು ಯಾವುದಕ್ಕೂ ಅಷ್ಟು ಆಸೆಪಟ್ಟದ್ದನ್ನು ನಾನು ನೋಡಿರಲಿಲ್ಲ.

ಅವಳ ಚಿತ್ರವನ್ನು ಎಲ್ಲಕ್ಕಿಂತ ಕೊನೆಗೆ ಹಾಕಿದವನು ನಾನೇ. ನಮ್ಮ ಮನೆಯವರದ್ದು ಮೊದಲಿಟ್ಟರೆ ನಾಲ್ಕು ಜನ ಏನಂದುಕೊಳ್ಳುತ್ತಾರೆ? ಗಿರಿಜೆ ಪಟ್ಟಿಯನ್ನೊಮ್ಮೆ ನೋಡಿದಳು. 'ನಿಮ್ಮ ಸಭಾ ಕಾರ್ಯಕ್ರಮ ಎಷ್ಟು ಹೊತ್ತು ರೀ?' ಎಂದು ಮಾತ್ರ ಕೇಳಿದಳು.

'ಹೆಚ್ಚೆಂದ್ರೆ ಅರ್ಧ ಗಂಟೆ.'

'ನಿಮ್ಮ ಅರ್ಧ ಗಂಟೆ ನಂಗೊತ್ತಿಲ್ವಾ? ಆರು ಗಂಟೆಗೆ ಛತ್ರ ಬಿಡ್ಬೇಕು. ನೆನಪಿರ್ಲಿ.'

ಪರಿಸರದ ಕಾರ್ಯಕ್ರಮವಾದ್ದರಿಂದ ದೀಪ ಹಚ್ಚುವುದು ಬೇಡ, ಗಿಡಕ್ಕೆ ನೀರೆರೆದು ಉದ್ಘಾಟಿಸೋಣ ಎಂದು ತೀರ್ಮಾನವಾಗಿತ್ತು. ಶಿವಮಲ್ಲಪ್ಪನವರು ಸಸ್ಯಕ್ಷೇತ್ರದಿಂದ ಹೊಂಗೆಯ ಸಸಿಯೊಂದನ್ನು ತರಿಸಿ, ಬಣ್ಣದ ಕುಂಡದಲ್ಲಿ ಇಡಿಸಿ, ಪಕ್ಕದಲ್ಲಿ ತಾಮ್ರದ ಚೊಂಬನ್ನೂ ತುಂಬಿದ ಕೊಡವನ್ನೂ ಇರಿಸಿದ್ದರು. ಎರಡೇ ಎಲೆ ಬಿಟ್ಟಿದ್ದ ಎಳೆಯ ಸಸಿ. ಅದರ ಹಿಂದೆ ಪ್ಲಾಸ್ಟಿಕ್ ಬೇಡವೆಂದು ಸಾರುವ ದೊಡ್ಡ ಫ್ಲೆಕ್ಸು. ಆಹ್ವಾನ ಪತ್ರಿಕೆಯಲ್ಲಿದ್ದ ಗಣ್ಯರು ಬೆರಳೆಣಿಕೆಯವರು. ಆದರೆ ನಾನು ಮೈಕು ಹಿಡಿದು ಸಭೆಯತ್ತ ನೋಡಿದರೆ ಮುಂದಿನ ಸಾಲಿನಲ್ಲಿ ಪತ್ರಿಕೆಯಲ್ಲಿ ಇಲ್ಲದ ಗಣ್ಯರೇ ತುಂಬಿದ್ದರು. ತಗಡೂರಿನಿಂದ ಬಂದ ನಿವೃತ್ತ ಮುಖ್ಯೋಪಾಧ್ಯಾಯರು, ಕವಲಂದೆಯ ಪ್ರಗತಿಪರ ರೈತರು, ಚಿತ್ರೋತ್ಸವಕ್ಕೆ ಶಾಮಿಯಾನ ಕೊಟ್ಟವರು, ಶಾಮಿಯಾನ ಕೊಡುತ್ತೇನೆಂದು ಹೇಳಿ ಕೊಡದವರು. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವುದು ಹೇಗೆ? ಎಲ್ಲರನ್ನೂ ಕರೆದೆ. ಬಂದವರೆಲ್ಲ ಒಂದೊಂದು ಚೊಂಬು ಎತ್ತಿ, ಫೋಟೊದವನು ಕ್ಲಿಕ್ಕಿಸುವವರೆಗೂ ಧಾರೆ ನಿಲ್ಲಿಸದೆ, ಹಲ್ಲು ಬಿಟ್ಟು ಸುರಿದರು. ಫೋಟೊದವನು, 'ಸಾ, ಇನ್ನೊಂದ್ಸಲ, ಕಣ್ಣು ಮುಚ್ಬುಟ್ರಿ' ಅಂದಾಗ ಇನ್ನೊಂದು ಚೊಂಬು ಸುರಿದರು. ಕೊಡ ಖಾಲಿಯಾಯಿತು, ಮತ್ತೆ ತುಂಬಿಸಲಾಯಿತು. ಸಸಿ ಕಣ್ಣೆದುರೇ ಕುಂಡದಲ್ಲಿ ತೇಲತೊಡಗಿತು. ನಾನು ಒಬ್ಬೊಬ್ಬರಿಗೂ ಸೂಕ್ತವಾದ ಎರಡು ಸಾಲು ಹೇಳುತ್ತಾ ಇನ್ನೂ ಹೆಸರು ಕರೆಯುತ್ತಲೇ ಇದ್ದೆ. ಸಭೆಯ ಕೊನೆಯಿಂದ ಗಿರಿಜೆ ವಾಚು ತೋರಿಸಿ ಏನೋ ಸನ್ನೆ ಮಾಡಿದಳು. ಸಮಯ ಎಷ್ಟು ಚೆನ್ನಾಗಿ ಪಾಲಿಸುತ್ತಿದ್ದೀರಿ ಎನ್ನುತ್ತಿದ್ದಾಳೆಂದು ತಿಳಿದು ನಾನೂ ತಲೆಯಾಡಿಸಿದೆ.

ಕುಂಡದಿಂದ ಉಕ್ಕಿದ ನೀರು ಜಮಖಾನದ ಕೆಳಗೆ ಯಾರಿಗೂ ಹೇಳದೆ ಹರಿದು, ಪ್ರೊಜೆಕ್ಟರಿನ ವೈರಿಗೆ ಜೋಡಿಸಿದ್ದ ಎಕ್ಸ್‌ಟೆನ್ಷನ್ ಬೋರ್ಡಿನವರೆಗೆ ಹೋಯಿತು. ಢಬ್ ಎಂದು ಸದ್ದಾಯಿತು. ಮೈಕು, ಫ್ಯಾನು, ಪರದೆ ಎಲ್ಲವೂ ನಿಂತವು. ಯಾರಿಗೂ ಏನೂ ಆಗಲಿಲ್ಲ ಎಂಬುದು ಆ ನಂಜುಂಡನ ಕೃಪೆ. ಆದರೆ ಭಾನುವಾರ ಬೋರ್ಡು ಸಿಗುವ ಅಂಗಡಿ ಹುಡುಕಿ, ಎಲೆಕ್ಟ್ರಿಷಿಯನ್ನನನ್ನು ಊಟದಿಂದ ಎಬ್ಬಿಸಿ, ಕರೆಂಟು ಬರುವ ಹೊತ್ತಿಗೆ ಮಧ್ಯಾಹ್ನ ಅರ್ಧ ಕಳೆದಿತ್ತು. ಮೈಕು ಇಲ್ಲದಿದ್ದರೇನು ಎಂದು ನಾನು ಆ ಹೊತ್ತಿನಲ್ಲಿ ಬಾಯಲ್ಲೇ ಸನ್ಮಾನ ಕಾರ್ಯಕ್ರಮ ನಡೆಸಿಕೊಟ್ಟೆ.

ಆಮೇಲೆ ಚಿತ್ರಗಳು ಓಡಿದವು. ಬೆಟ್ಟ ಹತ್ತುವವರು ಹತ್ತಿದರು, ಹಿಮದಲ್ಲಿ ಸೈಕಲ್ ತುಳಿಯುವವರು ತುಳಿದರು, ಸೆಖೆಗೆ ಆಹ್ವಾನ ಪತ್ರಿಕೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದ ಜನ ಹಿಮ ಕಂಡು ನಿಟ್ಟುಸಿರು ಬಿಟ್ಟರು. ಸಂಜೆಯಾದಂತೆ ಅಡುಗೆಮನೆಯಿಂದ ಆರತಕ್ಷತೆಯ ಬೋಂಡಾ ಕರಿಯುವ ವಾಸನೆ ಬಂತು. ಹೂವಿನ ಅಲಂಕಾರದವರು ಪರದೆಯ ಎರಡೂ ಬದಿ ಏಣಿ ಹಾಕಿ ಹತ್ತಿದರು. ಕಾಡ್ಗಿಚ್ಚಿನ ಚಿತ್ರದ ನಡುವೆ ಸೇವಂತಿಗೆ ಹಾರವೊಂದು ಇಳಿಬಿತ್ತು. ಗಿರಿಜೆಯ ಚಿತ್ರಕ್ಕೆ ಮೊದಲು ವಂದನಾರ್ಪಣೆ ಮುಗಿಸಿಬಿಡೋಣವೆಂದು ಮೈಕು ಎತ್ತಿದೆ. ಹೂವಿನವರಿಂದ ಹಿಡಿದು ಹೊಸ ಬೋರ್ಡು ತಂದವರವರೆಗೆ ಎಲ್ಲರನ್ನೂ ನೆನೆದೆ. ಮುಗಿಸುವಷ್ಟರಲ್ಲಿ ಛತ್ರದ ಮ್ಯಾನೇಜರು ಬಂದು, 'ಸಾರ್, ಗಂಡಿನ ಕಡೆಯವರ ಬಸ್ಸು ಬಂತು' ಎಂದು ಪ್ರೊಜೆಕ್ಟರನ್ನೇ ಎತ್ತಿಕೊಂಡರು. ಗಿರಿಜೆ ಪೆನ್‌ಡ್ರೈವನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. ಬೈದಿದ್ದರೆ ಸಹಿಸಬಹುದಿತ್ತು.

ಆರತಕ್ಷತೆಗೆ ನಮಗೂ ಕರೆಯಿತ್ತು, ಏಕೆಂದರೆ ಮದುಮಗಳು ಸಿಂಧು ಗಿರಿಜೆಯ ಹಳೆಯ ವಿದ್ಯಾರ್ಥಿನಿ. ಗಿರಿಜೆ ಅವಳನ್ನು ಮಾತಾಡಿಸಲು ಅಲಂಕಾರದ ಕೋಣೆಗೆ ಹೋದಳು. ಅಲ್ಲಿ ಹುಡುಗಿ, 'ಮಿಸ್, ನಿಮ್ಮ ಫಿಲ್ಮ್ ಹೆಂಗಿತ್ತು?' ಎಂದು ಕೇಳಿದಳಂತೆ. ಇವಳು ನಡೆದದ್ದು ಹೇಳಿದಳಂತೆ. ಮದುಮಗಳು ಅರ್ಧ ಕಟ್ಟಿದ ಜಡೆಯಲ್ಲೇ ತಮ್ಮ ವಿಡಿಯೋದವನನ್ನು ಕರೆಸಿ, 'ನಮ್ಮ ಪ್ರೀ-ವೆಡ್ಡಿಂಗ್ ವಿಡಿಯೋ ಒಂದನ್ನೇ ರಾತ್ರಿಯೆಲ್ಲ ಎಷ್ಟು ಸಲ ಅಂತ ತಿರುಗಿಸ್ತೀರಾ? ನಡುವೆ ನಮ್ಮ ಮಿಸ್ ಫಿಲ್ಮೂ ಹಾಕಿ' ಎಂದು ಅಪ್ಪಣೆ ಮಾಡಿಬಿಟ್ಟಳು.

ಹೀಗೆ ನಾನು ಉಡುಗೊರೆ ಕವರು ಹಿಡಿದು ಉದ್ದನೆಯ ಸಾಲಿನಲ್ಲಿ ನಿಂತಿದ್ದಾಗ ವೇದಿಕೆಯ ಪಕ್ಕದ ದೊಡ್ಡ ಎಲ್‌ಇಡಿ ಪರದೆಯ ಮೇಲೆ ಕಪಿಲೆ ಹರಿಯತೊಡಗಿತು. ಮುಂಜಾನೆಯ ಮಂಜು, ತೆಪ್ಪದ ನಿಧಾನವಾದ ಸುತ್ತು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನಲ್ಲಿ ನಾಲ್ವರು ಹೆಂಗಸರ ನಗು. ಸಾಲಿನಲ್ಲಿ ನಿಂತವರಿಗೆ ಬೇರೆ ಕೆಲಸವಿಲ್ಲ, ಎಲ್ಲರೂ ನೋಡಿದರು. ನಮ್ಮ ಉತ್ಸವಕ್ಕೆ ಇಷ್ಟು ಜನ ಕನಸಿನಲ್ಲೂ ಬಂದಿರಲಿಲ್ಲ. ಮುಳ್ಳುಪೊದೆಗೆ ಸಿಕ್ಕಿದ ಹಳೇಬಟ್ಟೆಯ ರಾಶಿ ಬಂದಾಗ, ತಾವೂ ಸ್ನಾನ ಮಾಡಿ ಬಟ್ಟೆ ಬಿಟ್ಟು ಬಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿರಿಜೆಯ ಧ್ವನಿ ಕೇಳುತ್ತಿತ್ತು: 'ದಡದಲ್ಲಿ ಕಾಣಸಿಗುವ ಜೀವಿಗಳು. ಇದು ನೀರುನಾಯಿ. ಇದು ಮಿಂಚುಳ್ಳಿ. ಇದು ನೀರುಕಾಗೆ, ರೆಕ್ಕೆ ಒಣಗಿಸಿಕೊಳ್ಳುತ್ತಿದೆ.' ಆಮೇಲೆ ಪರದೆಯ ತುಂಬ, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು, ಎರಡೂ ಕೈಯಲ್ಲಿ ಹೆಂಗಸರ ಚಪ್ಪಲಿ ಹಿಡಿದು, ಕೆಸರಿನಲ್ಲಿ ಒಂದು ಕಾಲಿಟ್ಟು ಬೆದರಿ ಹಿಂದಕ್ಕೆ ಹಾರುತ್ತಿರುವ ನಾನು. 'ಹುಷಾರು ಗಿರಿಜಾ! ಹುಷಾರು!' ಎಂದು ಕೂಗುತ್ತಿದ್ದೇನೆ. ಅವಳ ಧ್ವನಿ ಸ್ವಲ್ಪವೂ ಬದಲಾಗಲಿಲ್ಲ: 'ಈ ಜೀವಿ ನೀರಿಗೆ ಇಳಿಯುವುದಿಲ್ಲ. ದಡದುದ್ದಕ್ಕೂ ಸದ್ದು ಮಾಡುತ್ತಾ ಹಿಂಬಾಲಿಸುತ್ತದೆ. ನಿರುಪದ್ರವಿ.'

ಛತ್ರವೇ ನಕ್ಕಿತು. ಮದುಮಗ ನಕ್ಕ, ಪುರೋಹಿತರು ನಕ್ಕರು, ಶಿವಮಲ್ಲಪ್ಪನವರು ಬೋಂಡಾ ಕೈಯಲ್ಲೇ ಹಿಡಿದು ಕಣ್ಣೊರೆಸಿಕೊಂಡರು. ನನ್ನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಮೊಮ್ಮಗಳನ್ನು ತಿವಿದು, 'ಅದ್ಯಾರವ್ವ, ಅಂಗೆ ಚಪ್ಲಿ ಇಡ್ಕಂಡು ಕುಣಿತಾವ್ನೆ? ಗಂಡಿನ ಸೋದರಮಾವನಾ?' ಎಂದರು. ಮೊಮ್ಮಗಳು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ನಾನು ಉಡುಗೊರೆ ಕವರಿನಿಂದ ಮುಖ ಮುಚ್ಚಿಕೊಂಡೆ. ಕೊನೆಯಲ್ಲಿ ಕೃತಜ್ಞತೆಗಳು ಬಂದವು. ಒಟ್ಟು ಎರಡೇ ಸಾಲು. ಮೊದಲನೆಯದರಲ್ಲಿ ತೆಪ್ಪದವನ ಹೆಸರು, ಎರಡನೆಯದರಲ್ಲಿ ನನ್ನ ಹೆಸರು, ಮುಂದೆ 'ದಡ ಬಿಡದೆ ಜೊತೆಗೆ ಬಂದವರು' ಎಂದಿತ್ತು.

ಆಗ ನೆನಪಾಯಿತು. ಮಧ್ಯಾಹ್ನ ಶಾಮಿಯಾನ ಕೊಡದವರನ್ನೂ ಕರೆದು ಗಿಡಕ್ಕೆ ನೀರೆರೆಸಿದೆನಲ್ಲ, ಚಿತ್ರ ಮಾಡಿದವರ ಪೈಕಿ ಒಬ್ಬರ ಹೆಸರು ಮಾತ್ರ ನನ್ನ ಬಾಯಿಗೆ ಬಂದಿರಲಿಲ್ಲ. ಸ್ವಾಗತದಲ್ಲೂ ಇಲ್ಲ, ವಂದನೆಯಲ್ಲೂ ಇಲ್ಲ. ಮನೆಯವಳಲ್ಲವೇ ಎಂದು ಮನಸ್ಸು ಅಂದುಕೊಂಡಿತೋ, ಏನೋ. ತಾಲ್ಲೂಕಿಗೇ ಹೆಸರಾದ ನಿರೂಪಕನಿಗೆ ನಾಚಿಕೆಯಾಯಿತು.

ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಹಿಂದೆ ಕೂತ ಗಿರಿಜೆಯ ತೊಡೆಯ ಮೇಲೆ ಆ ಹೊಂಗೆಯ ಕುಂಡ ಇತ್ತು. ವೇದಿಕೆಯ ಮೂಲೆಯಲ್ಲಿ ಯಾರಿಗೂ ಬೇಡವಾಗಿ ನಿಂತಿದ್ದನ್ನು ಅವಳೇ ಎತ್ತಿಕೊಂಡು ಬಂದಿದ್ದಳು. ನಾನು ಮುಂದೆ ನೋಡಿಕೊಂಡೇ, 'ಗಿರಿಜಾ, ನಿನ್ನ ಹೆಸರು ಕರೆಯೋದೇ ಮರೆತೆ ಕಣೇ' ಅಂದೆ.

'ಒಳ್ಳೇದೇ ಆಯ್ತು ಬಿಡಿ' ಅಂದಳು. 'ಕರೆದಿದ್ರೆ ನಾನೂ ಒಂದು ಚೊಂಬು ಸುರೀಬೇಕಿತ್ತು. ಪಾಪ, ಇದು ಸತ್ತೇ ಹೋಗ್ತಿತ್ತು.'

ಸತ್ತಿಲ್ಲ. ಒಂದಷ್ಟು ದಿನ ಬಾಡಿಕೊಂಡಿದ್ದು, ಈಗ ನಮ್ಮ ಕಾಂಪೌಂಡಿನ ಪಕ್ಕದಲ್ಲಿ ಚಿಗುರಿದೆ. ಊರಿನಲ್ಲಿ ನನ್ನನ್ನು ಕಂಡವರು ಈಗ ಹೆಸರು ಬಿಟ್ಟುಹೋಯಿತೆಂದು ಜಗಳ ತೆಗೆಯುವುದಿಲ್ಲ. 'ಹುಷಾರು ಮೇಷ್ಟ್ರೇ, ಹುಷಾರು!' ಎಂದು ನಕ್ಕು ಹೋಗುತ್ತಾರೆ. ಮುಂದಿನ ಸಲ ಸಭಾ ಕಾರ್ಯಕ್ರಮವೇ ಬೇಡ, ನೇರ ಚಿತ್ರಗಳನ್ನೇ ಹಾಕೋಣವೆಂದು ಇಡ್ಲಿಯ ಎದುರು ತೀರ್ಮಾನವೂ ಆಗಿದೆ. ಗಿಡದ ವಿಷಯದಲ್ಲಿ ಗಿರಿಜೆ ಕಟ್ಟುನಿಟ್ಟು. ಚೊಂಬನ್ನು ನನ್ನ ಕೈಗೆ ಕೊಡುವುದಿಲ್ಲ. ಬೆಳಿಗ್ಗೆ ಅವಳು ನೀರೆರೆಯುವಾಗ ನಾನು ಜಗಲಿಯ ಮೇಲೆ ನಿಂತು, 'ಸಾಕು ಗಿರಿಜಾ, ಹುಷಾರು' ಎಂದು ಸದ್ದು ಮಾಡುತ್ತಿರುತ್ತೇನೆ.