ನಂದಕುಮಾರ್ ಟ್ಯಾಕೋಮೀಟರ್ ತರಿಸಿದ್ದು

ಇಪ್ಪತ್ತೆರಡು ದಿನದಿಂದ ಕೆಂಪಾಪುರದ ನಂದಕುಮಾರ್‌ಗೆ ಊಟ ರುಚಿಸುತ್ತಿರಲಿಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಒಣಗಿದ, ವಾಲಿದ ಮರಗಳನ್ನು ಕಡಿದುಕೊಡುವುದು ಅವನ ಕಸುಬು. ಪೆಟ್ರೋಲಿನಲ್ಲಿ ಓಡುವ ಎರಡು ಗರಗಸಗಳು, ಅಂದರೆ ಚೈನ್‌ಸಾಗಳೇ ಅವನ ಎರಡು ಕೈ. ಅವುಗಳ ಕಾರ್ಬುರೇಟರ್ ಟ್ಯೂನ್ ಮಾಡಿಸಲು ಹೆಬ್ಬಾಳದ ಮೆಕ್ಯಾನಿಕ್ ಪಿಳ್ಳಣ್ಣನ ಅಂಗಡಿ ಮುಂದೆ ಅರ್ಧ ದಿನ ಕಾಯಬೇಕು. ಪಿಳ್ಳಣ್ಣನೋ ಕಣ್ಣು ಮುಚ್ಚಿ, ಸದ್ದು ಕೇಳಿ, ಸ್ಕ್ರೂ ತಿರುಗಿಸಿ ಕಳಿಸಿಬಿಡುತ್ತಿದ್ದ. ಈ ಕಾಲದಲ್ಲೂ ಕಿವಿಯನ್ನು ನಂಬುವುದೇ? ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ಅಂಕಿಯಲ್ಲೇ ತೋರಿಸುವ ಟ್ಯಾಕೋಮೀಟರ್ ತರಿಸಿ, ಮನೆಯಲ್ಲೇ ಟ್ಯೂನ್ ಮಾಡುವ ಮಹಾಸಂಕಲ್ಪವನ್ನು ನಂದಕುಮಾರ್ ಕೈಗೊಂಡ.

ಆದರೆ ಯಾವುದನ್ನು ತರಿಸುವುದು? ಒಂದರ ತಂತಿಯನ್ನು ಎಂಜಿನ್ನಿನ ಸ್ಪಾರ್ಕ್ ಪ್ಲಗ್ ವೈರ್‌ಗೆ ಸುತ್ತಬೇಕು. ಇನ್ನೊಂದನ್ನು ಹತ್ತಿರ ಹಿಡಿದರೆ ಸಾಕು. ಮತ್ತೊಂದು ಹತ್ತು ಸಾವಿರ ಸುತ್ತಿಗೇ ಸುಸ್ತಾಗುತ್ತದೆ, ಚೈನ್‌ಸಾಗೆ ಹನ್ನೆರಡೂವರೆ ಸಾವಿರ ಬೇಕು. ಮೊಬೈಲಿನಲ್ಲಿ ಒಬ್ಬ ಐದು ನಕ್ಷತ್ರ ಕೊಟ್ಟದ್ದಕ್ಕೆ ಇನ್ನೊಬ್ಬ ಒಂದೇ ಕೊಟ್ಟು ಶಪಿಸಿದ್ದ. (ಅವರಿಬ್ಬರ ಜಗಳದಲ್ಲಿ ತೂಕ ಇಳಿದದ್ದು ನಂದಕುಮಾರನದು.)

“ನನ್ನ ನೋಡೋಕೆ ಬಂದಾಗ ಹತ್ತೇ ನಿಮಿಷದಲ್ಲಿ ಒಪ್ಕೊಂಡ್ರಿ. ಇದಕ್ಕೇನ್ರೀ ಇಷ್ಟು ದಿನ?” ಎಂದಳು ಹೆಂಡತಿ ಸರಳಾ.

“ಅದಕ್ಕೇ ಕಣೇ ಈ ಸಲ ಹುಷಾರಾಗಿ ನೋಡ್ತಿರೋದು.”

ಆ ಮಾತಿಗೆ ಎರಡು ದಿನ ಸಾರಿನಲ್ಲಿ ಉಪ್ಪಿರಲಿಲ್ಲ.

ಕೊನೆಗೂ ಹತ್ತಿರ ಹಿಡಿಯುವ ಮೀಟರು ಬಂತು. ಮರುದಿನಕ್ಕೆ ಆರ್.ಟಿ. ನಗರದಲ್ಲಿ ಭಾರಿ ಮರದ ಕೆಲಸ ಒಪ್ಪಿಕೊಂಡಿದ್ದ. ಮನೆಯ ಹಿತ್ತಲಲ್ಲಿ ದೊಡ್ಡ ಚೈನ್‌ಸಾ ಶುರು ಮಾಡಿ, ಪೂರ್ತಿ ರೇಸ್ ಕೊಟ್ಟು ಮೀಟರ್ ಹಿಡಿದ. ಆರು ಸಾವಿರದ ಇನ್ನೂರು! ಇರಬೇಕಾದ್ದರಲ್ಲಿ ಅರ್ಧ! ಇಷ್ಟು ವರ್ಷ ಪಿಳ್ಳಣ್ಣ ಟೋಪಿ ಹಾಕಿದ್ದನೇ? ಸುತ್ತು ಏರಲೆಂದು ಪೆಟ್ರೋಲ್ ಕಡಿಮೆ ಮಾಡುವ ಸ್ಕ್ರೂ ಬಿಗಿದ. ಸದ್ದು ಏರಿತು. ಇನ್ನಷ್ಟು ಬಿಗಿದ.

“ರೀ, ಅದು ಕಿರುಚ್ತಾ ಇದೆ! ಆಫ್ ಮಾಡ್ರೀ!” ಅಡುಗೆಮನೆ ಕಿಟಕಿಯಿಂದ ಸರಳಾ ಕೂಗಿದಳು.

“ನಿಂಗೇನ್ ಗೊತ್ತು? ಇನ್ನೂ ಏಳೇ ಸಾವಿರ!”

ಕಿರ್ರ್... ಟಕ್. ಆಮೇಲೆ ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಅಲ್ಲಾಡಲೇ ಇಲ್ಲ. ಪೆಟ್ರೋಲ್ ಸಾಲದೆ ಎಂಜಿನ್ ಕಾದು, ಪಿಸ್ಟನ್ ಸುಟ್ಟು ಕಚ್ಚಿಕೊಂಡಿತ್ತು. ನಂದಕುಮಾರ್ ಒಗೆಯುವ ಕಲ್ಲಿನ ಮೇಲೆ ಕೂತು ಪಿಳ್ಳಣ್ಣನಿಗೇ ಫೋನ್ ಮಾಡಿದ.

ಪಿಳ್ಳಣ್ಣ ಬಂದ. ಮೀಟರಿನ ಗುಂಡಿ ಒತ್ತಿ ನೋಡಿದ. “ಸೆಟಿಂಗ್ ತಪ್ಪೈತೆ ನಂದಣ್ಣ. ಎರಡು ಸುತ್ತನ್ನ ಒಂದು ಅಂತ ತೋರಿಸ್ತೈತೆ. ಮಿಷನ್ ಸರಿಯಾಗೇ ಓಡ್ತಿತ್ತು, ನೀವೇ ಸುಟ್ಟಾಕ್ಬುಟ್ರಿ.”

“ನಾಳೆ ಕೆಲ್ಸ ಇದೆಯಲ್ಲೋ!”

ಉಳಿದದ್ದು ಚಿಕ್ಕ ಚೈನ್‌ಸಾ, ಅದೂ ನೆಟ್ಟಗಿರಲಿಲ್ಲ. ಪಿಳ್ಳಣ್ಣ ಸ್ಕ್ರೂಡ್ರೈವರ್ ತೆಗೆಯುವಷ್ಟರಲ್ಲಿ ಸರಳಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. “ನಾನ್ ನೋಡ್ಲಾ ಅಣ್ಣಾ? ಆರು ವರ್ಷದಿಂದ ಇದರ ಗಲಾಟೆ ಕೇಳ್ತಿದ್ದೀನಿ. ಪೂರ್ತಿ ರೇಸ್ ಕೊಟ್ಟಾಗ ಕಿರುಚ್ಬಾರ್ದು, ಸ್ವಲ್ಪ ಗೊರಗೊರ ಅನ್ಬೇಕು, ಅಲ್ವಾ?”

ಪಿಳ್ಳಣ್ಣ ಮಿಷನ್ ಶುರು ಮಾಡಿಕೊಟ್ಟ. ಅವಳು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಕಿವಿಗೊಟ್ಟಳು. ಇವಳ ಅಂದಾಜು ತಪ್ಪಾಗಲಿ ಎಂದು ಮನೆದೇವರನ್ನು ಬೇಡಿಕೊಳ್ಳುತ್ತ ನಂದಕುಮಾರ್, ಸೆಟಿಂಗ್ ಸರಿಪಡಿಸಿದ ಮೀಟರ್ ಹಿಡಿದ. ಹನ್ನೆರಡು ಸಾವಿರದ ಐನೂರು.

“ಭಾನ್ವಾರ ಅಂಗ್ಡಿ ಕಡೆ ಬನ್ನಿ ಅಕ್ಕಾ,” ಎಂದ ಪಿಳ್ಳಣ್ಣ. “ನಂಗೂ ಕಿವಿ ಮಂದ ಆಗ್ತೈತೆ.”

ಭಾನುವಾರ ಸರಳಾ ಸ್ಕೂಟರ್ ಕೀ ಹಿಡಿದು ಹೊರಟೇಬಿಟ್ಟಳು. “ಬೇಳೆ ಇಟ್ಟಿದ್ದೀನಿ. ಮೂರು ವಿಷಲ್ ಆದ್ಮೇಲೆ ಆಫ್ ಮಾಡಿ. ಎಣಿಸ್ತೀರಾ, ಇಲ್ಲ ಅದಕ್ಕೂ ಒಂದು ಮೀಟರ್ ತರಿಸ್ಬೇಕಾ?”

ನಂದಕುಮಾರ್ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಕುಕ್ಕರ್ ಕೂಗಿತು. ಅದು ಮೊದಲನೆಯದೋ ಎರಡನೆಯದೋ, ಅವನಿಗೆ ಆಗಲೇ ಅನುಮಾನ ಶುರುವಾಗಿತ್ತು.